ಕುದುರೆಬಲ ಹೆಚ್ಚಿದರೆ ಸಾಲದು, ಕೊಂಡಿಯೂ ಗಟ್ಟಿ ಬೇಕು

ಎತ್ತುಗಳು ಎಷ್ಟೇ ಕಸುವಿನವಾಗಿದ್ದರೂ ನೊಗಕ್ಕೆ ಕಟ್ಟಿದ ಮಿಣಿ ಸಡಿಲವಾಗಿದ್ದರೆ ಗಾಡಿ ಏರು ಹತ್ತುವುದಿಲ್ಲ. ಬೇಸಾಯದ ಮನೆಯ ಮಕ್ಕಳಿಗೂ ಇದು ಗೊತ್ತು. ಆದರೆ ಲಕ್ಷಗಟ್ಟಲೆ ಬೆಲೆಯ ಕಾರು ಕೊಂಡು, ಅದರ ಎಂಜಿನ್ನಿನ ಶಕ್ತಿಯನ್ನು ಇನ್ನಷ್ಟು ಹೆಚ್ಚಿಸಿಕೊಳ್ಳುವ ತರುಣರು ಅನೇಕ ವೇಳೆ ಮರೆಯುವುದು ಇದನ್ನೇ. ಎಂಜಿನ್ ಎಷ್ಟು ಹುಟ್ಟಿಸುತ್ತದೆ ಎಂಬುದೊಂದು ಪ್ರಶ್ನೆ. ಹುಟ್ಟಿದ್ದು ಚಕ್ರಕ್ಕೆ ಹೇಗೆ ತಲುಪುತ್ತದೆ ಎಂಬುದು ಇನ್ನೊಂದು. ಈ ಎರಡನೆಯ ಪ್ರಶ್ನೆಗೆ ಉತ್ತರ ಹೇಳುವ ಭಾಗಗಳು ಎರಡು: ಒಂದು ಕ್ಲಚ್, ಮತ್ತೊಂದು ಎಂಜಿನ್ನನ್ನೂ ಗೇರುಪೆಟ್ಟಿಗೆಯನ್ನೂ ಕಾರಿನ ಮೈಗೆ ಹಿಡಿದಿಡುವ ಮೌಂಟಿಂಗುಗಳು.

ಉದಾಹರಣೆಗೆ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಕಾರನ್ನು ತೆಗೆದುಕೊಳ್ಳೋಣ. ಆಕ್ಟೇವಿಯಾ ಭಾರತಕ್ಕೆ ಬಂದದ್ದು 2001ರಲ್ಲಿ. ಔರಂಗಾಬಾದಿನಲ್ಲಿ (ಈಗಿನ ಛತ್ರಪತಿ ಸಂಭಾಜಿನಗರ) ಜೋಡಣೆಯಾಗುತ್ತಿದ್ದ ಈ ಕಾರಿನ 1.8 ಲೀಟರ್ ಟರ್ಬೊ ಪೆಟ್ರೋಲ್ ಮಾದರಿಗೆ 150 ಕುದುರೆಬಲ, 210 ನ್ಯೂಟನ್-ಮೀಟರ್ ತಿರುಚುಬಲ. ಇದರ ತಯಾರಿಕೆ ನಿಂತು ವರ್ಷಗಳೇ ಕಳೆದಿವೆ. ಆದರೂ ಬೆಂಗಳೂರು, ಮಂಗಳೂರು, ಹುಬ್ಬಳ್ಳಿಗಳಲ್ಲಿ ಇದನ್ನು ಜತನದಿಂದ ಕಾಪಾಡಿಕೊಂಡಿರುವ ಅಭಿಮಾನಿಗಳು ಈಗಲೂ ಇದ್ದಾರೆ. ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಿನ ಲೆಕ್ಕಾಚಾರ ಬದಲಿಸಿದರೆ ಈ ಎಂಜಿನ್ ಸುಮಾರು 190 ಕುದುರೆಬಲ, 300 ನ್ಯೂಟನ್-ಮೀಟರಿನ ಆಸುಪಾಸಿಗೆ ಏರುತ್ತದೆ. ಮಧ್ಯಾಹ್ನದ ಊಟದೊಳಗೆ ಮುಗಿಯುವ ಕೆಲಸ ಅದು. ತೊಂದರೆ ಶುರುವಾಗುವುದು ಆಮೇಲೆ.

ಕ್ಲಚ್ ಜಾರುವುದೆಂದರೇನು?

ನಾಲ್ಕನೆಯ ಗೇರಿನಲ್ಲಿ ಏರುದಾರಿಯಲ್ಲಿ ಆಕ್ಸಲರೇಟರನ್ನು ಪೂರ್ತಿ ಒತ್ತುತ್ತೀರಿ. ಎಂಜಿನ್ನಿನ ಸುತ್ತು 3000ದಿಂದ ಥಟ್ಟನೆ 4000ಕ್ಕೆ ಹಾರುತ್ತದೆ, ಆದರೆ ಕಾರಿನ ವೇಗ ಇದ್ದಲ್ಲೇ ಇರುತ್ತದೆ. ಸ್ವಲ್ಪ ಹೊತ್ತಿನಲ್ಲಿ ಸುಟ್ಟ ವಾಸನೆ ಬರುತ್ತದೆ. ಕ್ಲಚ್ ಜಾರುತ್ತಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಲಕ್ಷಣ ಬೇಕಿಲ್ಲ.

ಕ್ಲಚ್ಚಿನ ತತ್ತ್ವ ಸರಳ. ಬೀಸುವ ಕಲ್ಲಿನ ಎರಡು ಹೋಳುಗಳನ್ನು ನೆನೆಸಿಕೊಳ್ಳಿ. ಒಂದರ ಮೇಲೊಂದು ಬಲವಾಗಿ ಒತ್ತಿ ಹಿಡಿದರೆ ಕೆಳಗಿನದು ತಿರುಗಿದಾಗ ಮೇಲಿನದೂ ತಿರುಗುತ್ತದೆ. ಒತ್ತಡ ತೆಗೆದರೆ ಒಂದು ತಿರುಗುತ್ತಿದ್ದರೂ ಮತ್ತೊಂದು ನಿಲ್ಲಬಹುದು. ಕಾರಿನಲ್ಲಿ ಎಂಜಿನ್ನಿನ ತುದಿಯ ಫ್ಲೈವೀಲ್ ಒಂದು ಕಲ್ಲು. ಅದಕ್ಕೆ ಬೋಲ್ಟಿನಿಂದ ಬಿಗಿದ ಪ್ರೆಷರ್ ಪ್ಲೇಟ್ ಇನ್ನೊಂದು. ಈ ಎರಡರ ನಡುವೆ ಸಿಕ್ಕಿಕೊಂಡಿರುವುದು ಗೇರುಪೆಟ್ಟಿಗೆಯ ದಂಡಕ್ಕೆ ಜೋಡಿಸಿದ ಕ್ಲಚ್ ಪ್ಲೇಟ್. ಪೆಡಲ್ ತುಳಿಯದಿದ್ದಾಗ ತಟ್ಟೆಯಾಕಾರದ ಉಕ್ಕಿನ ಸ್ಪ್ರಿಂಗೊಂದು ಮೂರನ್ನೂ ಅಪ್ಪಿ ಹಿಡಿಯುತ್ತದೆ. ತುಳಿದಾಗ ರಿಲೀಸ್ ಬೇರಿಂಗ್ ಆ ಸ್ಪ್ರಿಂಗಿನ ಬೆರಳುಗಳನ್ನು ಒತ್ತಿ ಹಿಡಿತವನ್ನು ಬಿಡಿಸುತ್ತದೆ.

ಹಿಡಿತ ಎಷ್ಟಿರುತ್ತದೆ? ಹೈಸ್ಕೂಲಿನ ಗಣಿತ ಸಾಕು. ಘರ್ಷಣಾಂಕ, ಒತ್ತುವ ಬಲ, ಸರಾಸರಿ ತ್ರಿಜ್ಯ, ಉಜ್ಜುವ ಮುಖಗಳ ಸಂಖ್ಯೆ, ಈ ನಾಲ್ಕನ್ನೂ ಗುಣಿಸಿದರೆ ಬರುವುದೇ ಕ್ಲಚ್ ಜಾರದೆ ದಾಟಿಸಬಲ್ಲ ತಿರುಚುಬಲ. 228 ಮಿಲಿಮೀಟರ್ ವ್ಯಾಸದ ಕ್ಲಚ್ ಪ್ಲೇಟ್ ಇದೆಯೆನ್ನಿ. ಅದರ ಸರಾಸರಿ ತ್ರಿಜ್ಯ ಸುಮಾರು 0.095 ಮೀಟರ್. ಘರ್ಷಣಾಂಕ 0.3, ಒತ್ತುವ ಬಲ 6000 ನ್ಯೂಟನ್, ಮುಖಗಳು ಎರಡು ಎಂದಿಟ್ಟುಕೊಂಡರೆ ಗುಣಲಬ್ಧ 342 ನ್ಯೂಟನ್-ಮೀಟರ್. ಮೂಲ ಎಂಜಿನ್ನಿನ 210ಕ್ಕೆ ಇದು ಒಂದೂವರೆ ಪಟ್ಟಿಗಿಂತ ಹೆಚ್ಚು. ತಯಾರಕರು ಹೀಗೆ ಉದಾರವಾಗಿ ಬಿಟ್ಟಿರುವ ಅಂತರ ದುಂದಲ್ಲ. ಪ್ಲೇಟ್ ಸವೆದಾಗ, ಎಣ್ಣೆಯ ಪಸೆ ತಗುಲಿದಾಗ, ಘಾಟಿಯಲ್ಲಿ ಕಾದಾಗ ಕೈಹಿಡಿಯುವ ಆಪದ್ಧನ ಅದು.

ಈಗ ಎಂಜಿನ್ನಿನ ತಿರುಚುಬಲವನ್ನು 300ಕ್ಕೆ ಏರಿಸಿದೆವು. ಉಳಿದ ಅಂತರ ನೂರಕ್ಕೆ 14 ಮಾತ್ರ. ಕ್ಲಚ್ ಕಾದು ಘರ್ಷಣಾಂಕ 0.3ರಿಂದ 0.2ಕ್ಕೆ ಇಳಿದರೆ ಹಿಡಿತ 228ಕ್ಕೆ ಕುಸಿಯುತ್ತದೆ. ಆಗ ಜಾರುತ್ತದೆ, ಜಾರಿದರೆ ಇನ್ನಷ್ಟು ಕಾಯುತ್ತದೆ, ಕಾದಷ್ಟೂ ಮತ್ತಷ್ಟು ಜಾರುತ್ತದೆ. ಈ ವಿಷವರ್ತುಲಕ್ಕೆ ಸಿಕ್ಕಿದ ಕ್ಲಚ್ ಒಂದೇ ಸಂಜೆಯಲ್ಲಿ ಮುಗಿದುಹೋಗಬಹುದು.

ಅರ್ಧ ಕ್ಲಚ್ಚಿನ ಬಿಸಿ

ಆ ಬಿಸಿ ಎಷ್ಟು? 1400 ಕಿಲೋ ತೂಕದ ಕಾರು. ಎಂಜಿನ್ನನ್ನು 3000 ಸುತ್ತಿನಲ್ಲಿ ಇರಿಸಿ ಮೊದಲನೆಯ ಗೇರಿನಲ್ಲಿ ಕ್ಲಚ್ ಬಿಡುತ್ತೀರಿ. ಕ್ಲಚ್ ಪೂರ್ತಿ ಕಚ್ಚುವ ವೇಳೆಗೆ ಕಾರಿನ ವೇಗ ಗಂಟೆಗೆ ಸುಮಾರು 25 ಕಿಲೋಮೀಟರ್, ಅಂದರೆ ಸೆಕೆಂಡಿಗೆ 7 ಮೀಟರ್. ಆಗ ಕಾರು ಗಳಿಸಿದ ಚಲನಶಕ್ತಿ ಸುಮಾರು 34,000 ಜೂಲ್. ಹೆಚ್ಚುಕಡಿಮೆ ಅಷ್ಟೇ ಶಕ್ತಿ ಕ್ಲಚ್ಚಿನಲ್ಲಿ ಉಷ್ಣವಾಗಿ ಹೋಗುತ್ತದೆ. ಏಕೆಂದರೆ ಕಾರು ಸೊನ್ನೆಯಿಂದ ಆ ವೇಗಕ್ಕೆ ಏರುವಷ್ಟು ಹೊತ್ತೂ ಎಂಜಿನ್ ಅದೇ ಸುತ್ತಿನಲ್ಲಿದ್ದು, ಸರಾಸರಿ ಅರ್ಧದಷ್ಟು ಜಾರಿಕೆ ಇದ್ದೇ ಇರುತ್ತದೆ. 34,000 ಜೂಲ್ ಉಷ್ಣ 100 ಮಿಲಿಲೀಟರ್ ತಣ್ಣೀರನ್ನು ಕುದಿಸಬಲ್ಲದು. ಒಂದು ಸಲ ಹೊರಟರೆ ಅರ್ಧ ಲೋಟ ನೀರು ಕುದಿಸುವಷ್ಟು ಬಿಸಿ, ಅದೂ ಕೆಲವು ಮಿಲಿಮೀಟರ್ ದಪ್ಪದ ಪದರದ ಮೇಲೆ!

ಅದೇ ಕಾರನ್ನು 1500 ಸುತ್ತಿನಲ್ಲಿ ಮೆಲ್ಲನೆ ಹೊರಡಿಸಿದರೆ ವೇಗ ಅರ್ಧ, ಉಷ್ಣ ಕಾಲುಭಾಗ. ವರ್ಗದ ನಿಯಮ ಹೀಗೆ ಕೆಲಸ ಮಾಡುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಂಥ ಕಡೆ 20 ಸೆಕೆಂಡಿಗೊಮ್ಮೆ ಕ್ಲಚ್ ತುಳಿಯುವವನು ಗಂಟೆಗೆ 180 ಬಾರಿ ತುಳಿಯುತ್ತಾನೆ. ಹಾಗಾಗಿ ರಸ್ತೆಯ ಕಾರಿಗೆ ಕ್ಲಚ್ ಆರಿಸುವಾಗ ಎಷ್ಟು ಬಲ ತಡೆಯುತ್ತದೆ ಎಂದು ಕೇಳಿದರೆ ಸಾಲದು. ಎಷ್ಟು ನಯವಾಗಿ ಕಚ್ಚುತ್ತದೆ, ಎಷ್ಟು ಹಗುರವಾಗಿ ತುಳಿಯಬಹುದು ಎಂದೂ ಕೇಳಬೇಕು.

ನಾಲ್ಕು ದಾರಿಗಳು

ಮೇಲಿನ ಗುಣಾಕಾರದಲ್ಲಿ ನಾಲ್ಕು ಅಂಶಗಳಿವೆ. ಹಿಡಿತ ಹೆಚ್ಚಿಸುವ ದಾರಿಗಳೂ ಅಷ್ಟೇ.

ಮೊದಲನೆಯದು, ಒತ್ತುವ ಬಲವನ್ನು ಹೆಚ್ಚಿಸುವುದು. ಬಿಗಿಯಾದ ಸ್ಪ್ರಿಂಗಿನ ಪ್ರೆಷರ್ ಪ್ಲೇಟ್ ಹಾಕಿದರಾಯಿತು. ಆದರೆ ಸ್ಪ್ರಿಂಗ್ ಬಿಗಿಯಾದಷ್ಟೂ ಪೆಡಲ್ ಭಾರ. ಭಾರ ಎಡಗಾಲಿಗೆ ಮಾತ್ರವಲ್ಲ, ರಿಲೀಸ್ ಬೇರಿಂಗಿಗೆ, ಹೈಡ್ರಾಲಿಕ್ ಸಿಲಿಂಡರಿಗೆ, ಕೊನೆಗೆ ಎಂಜಿನ್ನಿನೊಳಗೆ ಕ್ರ್ಯಾಂಕ್ ದಂಡ ಹಿಂದುಮುಂದೆ ಸರಿಯದಂತೆ ತಡೆಯುವ ಥ್ರಸ್ಟ್ ಬೇರಿಂಗಿಗೂ ಬೀಳುತ್ತದೆ. ಸಿಗ್ನಲ್ಲಿನಲ್ಲಿ ಗೇರಿನಲ್ಲಿಟ್ಟು ಕ್ಲಚ್ ತುಳಿದುಕೊಂಡೇ ನಿಲ್ಲುವ ಅಭ್ಯಾಸವಿದ್ದವರಿಗೆ ಇದು ದುಬಾರಿ ಪಾಠ.

ಎರಡನೆಯದು, ಘರ್ಷಣಾಂಕವನ್ನು ಹೆಚ್ಚಿಸುವುದು. ಸಾಮಾನ್ಯ ಕ್ಲಚ್ ಪ್ಲೇಟಿನ ಪದರ ನಾರು, ರಾಳ, ಲೋಹದ ಎಳೆಗಳ ಮಿಶ್ರಣ. ಇದನ್ನು 'ಆರ್ಗ್ಯಾನಿಕ್' ಎನ್ನುತ್ತಾರೆ. ಈ ಉಜ್ಜುವ ಪದರಗಳ ಉದ್ಯಮಕ್ಕೆ ನೂರಿಪ್ಪತ್ತೈದು ವರ್ಷಗಳಿಗೂ ಮೀರಿದ ಚರಿತ್ರೆಯಿದೆ. ಇಂಗ್ಲೆಂಡಿನ ಡರ್ಬಿಶೈರಿನಲ್ಲಿ ಹರ್ಬರ್ಟ್ ಫ್ರೂಡ್ ಎಂಬಾತ 1897ರಲ್ಲಿ ಆರಂಭಿಸಿದ ಉದ್ಯಮವೇ ಮುಂದೆ ಫೆರೋಡೊ ಎಂದು ಹೆಸರಾಯಿತು. ಇಳಿಜಾರಿನಲ್ಲಿ ಗಾಡಿಯವರು ಬ್ರೇಕಿನ ಕಟ್ಟಿಗೆಗೆ ಹಳೆಯ ಬೂಟು ಕಟ್ಟುವುದನ್ನು ಕಂಡು ಆತನಿಗೆ ಈ ಯೋಚನೆ ಹೊಳೆಯಿತೆಂಬ ಕಥೆಯೂ ಇದೆ. ದಶಕಗಳ ಕಾಲ ಈ ಪದರಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಮಾರಕವೆಂದು ತಿಳಿದ ಮೇಲೆ ಒಳ್ಳೆಯ ತಯಾರಕರು ಅದನ್ನು ಕೈಬಿಟ್ಟರು. ಹಳೆಯ ಕ್ಲಚ್ ಬಿಚ್ಚುವಾಗ ಗಾಳಿಯ ಪೈಪಿನಿಂದ ಧೂಳು ಊದುವ ಅಭ್ಯಾಸ ಮಾತ್ರ ಅನೇಕ ಗ್ಯಾರೇಜುಗಳಲ್ಲಿ ಹೋಗಿಲ್ಲ. ಒದ್ದೆ ಬಟ್ಟೆಯಿಂದ ಒರೆಸುವುದೇ ಕ್ಷೇಮ.

ಪಂದ್ಯದ ಕಾರುಗಳಲ್ಲಿ ಪೂರ್ತಿ ಪದರದ ಬದಲು ಲೋಹ-ಸೆರಾಮಿಕ್ ಮಿಶ್ರಣದ ಮೂರು, ನಾಲ್ಕು ಅಥವಾ ಆರು ಬಿಲ್ಲೆಗಳಿರುತ್ತವೆ. ಇವುಗಳ ಘರ್ಷಣಾಂಕ 0.4 ದಾಟಬಹುದು, ಹೆಚ್ಚಿನ ಬಿಸಿಯನ್ನೂ ತಾಳುತ್ತವೆ. ಆದರೆ ಇವು ಮೆಲ್ಲಗೆ ಕಚ್ಚುವ ಜಾತಿಯಲ್ಲ. ಒಂದೋ ಬಿಟ್ಟಿರುತ್ತವೆ, ಇಲ್ಲವೇ ಕಚ್ಚಿರುತ್ತವೆ. ಇಂಚಿಂಚು ಸರಿಯುವ ಸಂಚಾರದಲ್ಲಿ ಕಾರು ಕಪ್ಪೆಯಂತೆ ಕುಪ್ಪಳಿಸುತ್ತದೆ. ಕೆವ್ಲಾರ್ ಮೊದಲಾದ ಅರಾಮಿಡ್ ನಾರಿನ ಪದರಗಳು ನಯವಾಗಿ ಕಚ್ಚುತ್ತವೆ, ಬಾಳಿಕೆಯೂ ಚೆನ್ನ. ಆದರೆ ಪಳಗಲು ಹೆಚ್ಚು ಕಾಲ ಬೇಕು, ಒಮ್ಮೆ ಮಿತಿಮೀರಿ ಕಾದರೆ ಮೇಲ್ಮೈ ಗಾಜಿನಂತೆ ನುಣುಪಾಗಿ ಹಿಡಿತ ಬಿಡಬಹುದು.

ಮೂರನೆಯದು, ತ್ರಿಜ್ಯ ಹೆಚ್ಚಿಸುವುದು. ಇದಕ್ಕೆ ಗೇರುಪೆಟ್ಟಿಗೆಯ ಗಂಟೆಯಾಕಾರದ ಕವಚದೊಳಗೆ ಜಾಗ ಬೇಕು. ಸಾಮಾನ್ಯವಾಗಿ ಇರುವುದಿಲ್ಲ. ನಾಲ್ಕನೆಯದು, ಮುಖಗಳನ್ನು ಹೆಚ್ಚಿಸುವುದು. ಎರಡು ಪ್ಲೇಟ್ ಹಾಕಿದರೆ ಮುಖಗಳು ನಾಲ್ಕಾಗುತ್ತವೆ. ಅದೇ ಸ್ಪ್ರಿಂಗಿನಲ್ಲಿ 342 ಇದ್ದದ್ದು 684 ಆಗುತ್ತದೆ. ತತ್ತ್ವದಲ್ಲಿ ಇದು ಸೊಗಸಾದ ದಾರಿ. ಬೆಲೆ ಮಾತ್ರ ಸೊಗಸಲ್ಲ. 300 ನ್ಯೂಟನ್-ಮೀಟರಿನ ಕಾರಿಗೆ ಅದರ ಅಗತ್ಯವೂ ಇಲ್ಲ.

ಹಾಗಾದರೆ ನಮ್ಮ ಆಕ್ಟೇವಿಯಾಕ್ಕೆ ಎಷ್ಟು ಬೇಕು? 300ರ ಮೇಲೆ ನೂರಕ್ಕೆ 30 ಅಂತರವೆಂದರೆ 390 ನ್ಯೂಟನ್-ಮೀಟರ್. ಆರ್ಗ್ಯಾನಿಕ್ ಪದರವನ್ನೇ ಉಳಿಸಿಕೊಂಡು ಲೆಕ್ಕ ಹಾಕಿದರೆ ಒತ್ತುವ ಬಲ 6000ದಿಂದ ಸುಮಾರು 6850 ನ್ಯೂಟನ್ನಿಗೆ ಏರಿದರೆ ಸಾಕು. ಹೆಚ್ಚಳ ನೂರಕ್ಕೆ 14 ಅಷ್ಟೆ. ಪೆಡಲ್ ಸ್ವಲ್ಪ ಬಿಗಿಯೆನಿಸುತ್ತದೆ, ಕಾಲು ನೋಯುವುದಿಲ್ಲ. ಆರು ಬಿಲ್ಲೆಯ ಸೆರಾಮಿಕ್ ಕ್ಲಚ್ ಕೊಂಡು ಹೆಮ್ಮೆಪಡುವವರು ಹೆಚ್ಚಿನ ಪಾಲು ಹಣ ತೆರುವುದು ತಮಗೆ ಬೇಡದ ಹಿಡಿತಕ್ಕೆ. ಸೂಜಿ ಚಿನ್ನದ್ದೆಂದು ಕಣ್ಣಿಗೆ ಚುಚ್ಚಿಕೊಳ್ಳಲಾದೀತೇ?

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಲ್ಲಿ ಇಂಥ ಕಾರುಗಳ ಗ್ಯಾರೇಜು ಇಟ್ಟಿದ್ದಾನೆ. ಗಿರಾಕಿಗೆ ಯಾವ ಕ್ಲಚ್ ಹೇಳುತ್ತೀಯೆಂದು ಕೇಳಿದ್ದಕ್ಕೆ ಅವನ ಉತ್ತರ ಚೆನ್ನಾಗಿತ್ತು: "ಎಲ್ಲರೂ ಪವರ್ ಎಷ್ಟು ಬರತ್ತೆ ಅಂತ ಕೇಳ್ತಾರೆ ಮೇಷ್ಟ್ರೇ. ನಾನು ಮೊದ್ಲು ನಿಮ್ಮನೆ ಎಲ್ಲಿ, ಆಫೀಸು ಎಲ್ಲಿ ಅಂತ ಕೇಳ್ತೀನಿ."

ಫ್ಲೈವೀಲಿನ ಗುಟ್ಟು

ಎಂಜಿನ್ ಒಂದೇ ಸಮನೆ ತಿರುಗುವುದಿಲ್ಲ. ಪ್ರತಿ ಸಿಡಿತಕ್ಕೂ ಒಂದು ತಳ್ಳು, ನಡುವೆ ಒಂದು ಬಿಡುವು. ಈ ಅದುರಾಟ ಗೇರುಪೆಟ್ಟಿಗೆಗೆ ತಲುಪದಿರಲೆಂದು ಫ್ಲೈವೀಲನ್ನೇ ಎರಡು ಹೋಳು ಮಾಡಿ ನಡುವೆ ಸ್ಪ್ರಿಂಗುಗಳನ್ನಿಡುವ ಉಪಾಯವನ್ನು ಜರ್ಮನಿಯ ಲುಕ್ ಕಂಪೆನಿ 1985ರಲ್ಲಿ ಉತ್ಪಾದನೆಗೆ ತಂದಿತು. ಇದೇ ಜೋಡಿ-ರಾಶಿ ಫ್ಲೈವೀಲ್. ಆಕ್ಟೇವಿಯಾದ ಟರ್ಬೊ ಮಾದರಿಗಳ ಮೂಲ ಸಲಕರಣೆಯೂ ಇದೇ. ಇದು ಸವೆದಾಗ ಎಂಜಿನ್ ನಿಲ್ಲಿಸುವ ಹೊತ್ತಿಗೆ ಕಟಕಟ ಸದ್ದು ಬರುತ್ತದೆ. ಹೊಸದರ ಬೆಲೆ ಕೇಳಿದವರು ಬೇರೆ ದಾರಿ ಹುಡುಕುತ್ತಾರೆ.

ಈ ಕುಟುಂಬದ ಕಾರುಗಳಲ್ಲಿ ಜಗತ್ತಿನಾದ್ಯಂತ ಪ್ರಸಿದ್ಧವಾದ ಬೇರೆ ದಾರಿಯೊಂದಿದೆ. ಫೋಕ್ಸ್‌ವ್ಯಾಗನ್ ಕೊರಾಡೊ ಜಿ60 ಕಾರಿನ ಒಂಟಿ-ರಾಶಿ ಫ್ಲೈವೀಲ್, ಅದಕ್ಕೆ ಆರು ಸಿಲಿಂಡರಿನ ವಿಆರ್6 ಕಾರಿನ 228 ಮಿಲಿಮೀಟರಿನ ಕ್ಲಚ್. ಒಂದೇ ವಂಶದ ಬಿಡಿಭಾಗಗಳಾದ್ದರಿಂದ ಒಂದಕ್ಕೊಂದು ಹೊಂದುತ್ತವೆ. ಲಾಭ, ಹಗುರವಾದ ಗಟ್ಟಿ ಫ್ಲೈವೀಲ್. ನಷ್ಟ, ನ್ಯೂಟ್ರಲ್ಲಿನಲ್ಲಿ ನಿಂತಾಗ ಗೇರುಪೆಟ್ಟಿಗೆಯಿಂದ ಬರುವ ಗಡಗಡ ಸದ್ದು. ಕ್ಲಚ್ ತುಳಿದರೆ ಸದ್ದು ನಿಲ್ಲುತ್ತದೆ, ಬಿಟ್ಟರೆ ಮತ್ತೆ ಶುರು. ನಡುಭಾಗದಲ್ಲಿ ಸ್ಪ್ರಿಂಗುಗಳಿರುವ ಕ್ಲಚ್ ಪ್ಲೇಟ್ ಹಾಕಿದರೆ ಸದ್ದು ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಮೂಲ ಫ್ಲೈವೀಲ್ ಆರೋಗ್ಯವಾಗಿದ್ದರೆ ಅದನ್ನು ಉಳಿಸಿಕೊಳ್ಳುವುದೇ ದಿನನಿತ್ಯದ ಕಾರಿಗೆ ಮೇಲು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಗುರ ಮಾಡುವ ಆಸೆಯಿಂದ ಎರಕದ ಕಬ್ಬಿಣದ ಫ್ಲೈವೀಲನ್ನು ಪಕ್ಕದ ಲೇತಿನಲ್ಲಿ ಕೆರೆಸುವವರಿದ್ದಾರೆ. 6500 ಸುತ್ತಿನಲ್ಲಿ ತಿರುಗುವ ಸಾಧಾರಣ ಫ್ಲೈವೀಲಿನಲ್ಲಿ ಅಡಗಿರುವ ಶಕ್ತಿ ಸುಮಾರು 23,000 ಜೂಲ್. ಒಂದು ಕ್ವಿಂಟಾಲ್ ಅಕ್ಕಿ ಮೂಟೆಯನ್ನು ಏಳಂತಸ್ತಿನ ಕಟ್ಟಡದ ನೆತ್ತಿಗೆ ಎತ್ತುವಷ್ಟು ಅದು. ಎರಕದ ಕಬ್ಬಿಣ ಎಳೆತವನ್ನು ತಾಳುವ ಲೋಹವಲ್ಲ. ಸೀಳಿದರೆ ಚೂರುಗಳು ಹಾರುವುದು ಚಾಲಕನ ಕಾಲಿನಿಂದ ಸ್ವಲ್ಪವೇ ದೂರದಲ್ಲಿ. ಹಗುರವೇ ಬೇಕೆಂದರೆ ಅದಕ್ಕೆಂದೇ ಬಡಿದು ಮಾಡಿದ ಉಕ್ಕಿನ ಫ್ಲೈವೀಲ್ ಕೊಳ್ಳಬೇಕು, ಇಲ್ಲವೇ ಸುಮ್ಮನಿರಬೇಕು.

ಮೌಂಟಿಂಗ್: ನ್ಯೂಟನ್ನನ ಮೂರನೆಯ ನಿಯಮ

ಎಂಜಿನ್ ಚಕ್ರವನ್ನು ಮುಂದಕ್ಕೆ ತಿರುಗಿಸಿದರೆ ಚಕ್ರ ಎಂಜಿನ್ನನ್ನು ಹಿಂದಕ್ಕೆ ಹೊರಳಿಸಲು ನೋಡುತ್ತದೆ. ಆಕ್ಟೇವಿಯಾದಂತೆ ಎಂಜಿನ್ ಅಡ್ಡಲಾಗಿ ಕೂತಿರುವ ಕಾರುಗಳಲ್ಲಿ ಎಂಜಿನ್, ಗೇರುಪೆಟ್ಟಿಗೆ, ಡಿಫರೆನ್ಷಿಯಲ್ ಮೂರೂ ಒಂದೇ ಗಟ್ಟಿ. ಹಾಗಾಗಿ ಈ ಪ್ರತಿಕ್ರಿಯೆ ಎಂಜಿನ್ನಿನ 210 ನ್ಯೂಟನ್-ಮೀಟರ್ ಅಲ್ಲ, ಚಕ್ರದ ದಂಡದಲ್ಲಿ ಬರುವ ಪೂರ್ತಿ ತಿರುಚುಬಲ. ಮೊದಲ ಗೇರಿನಲ್ಲಿ ಒಟ್ಟು ಅನುಪಾತ ಸುಮಾರು 13. ಅಂದರೆ 2730 ನ್ಯೂಟನ್-ಮೀಟರ್! ಹೊರಳುವ ಅಕ್ಷದಿಂದ ಅರ್ಧ ಮೀಟರ್ ದೂರದಲ್ಲಿ ಅದನ್ನು ತಡೆಯಲು ಸುಮಾರು 5500 ನ್ಯೂಟನ್ ಬೇಕು, ಹೆಚ್ಚುಕಡಿಮೆ 550 ಕಿಲೋ ತೂಕ. ಎಂಜಿನ್ ಶಕ್ತಿ ಹೆಚ್ಚಿಸಿದರೆ ಇದೂ ಅದೇ ಪ್ರಮಾಣದಲ್ಲಿ ಏರುತ್ತದೆ.

ಈ ಕಾರಿನಲ್ಲಿ ಬಲಗಡೆ ಎಂಜಿನ್ನಿನ ಮೌಂಟಿಂಗ್, ಎಡಗಡೆ ಗೇರುಪೆಟ್ಟಿಗೆಯ ಮೌಂಟಿಂಗ್. ಇವೆರಡು ಮುಖ್ಯವಾಗಿ ತೂಕ ಹೊರುತ್ತವೆ. ಕೆಳಗಡೆ ನಾಯಿಮೂಳೆಯ ಆಕಾರದ ತುಂಡೊಂದಿದೆ. ಮೆಕ್ಯಾನಿಕ್ಕುಗಳು 'ಡಾಗ್ ಬೋನ್' ಎಂದೇ ಕರೆಯುತ್ತಾರೆ. ಅದು ತೂಕ ಹೊರುವುದಿಲ್ಲ, ಹೊರಳಾಟವನ್ನಷ್ಟೇ ತಡೆಯುತ್ತದೆ. ಈ ವ್ಯತ್ಯಾಸವನ್ನು ನೆನಪಿಡಿ, ಮುಂದೆ ಉಪಯೋಗಕ್ಕೆ ಬರುತ್ತದೆ.

ಮೌಂಟಿಂಗಿನ ರಬ್ಬರು ಮೆತ್ತಗಾದರೆ ಎಂಜಿನ್ ಹಿಂದುಮುಂದೆ ತೂಗಾಡುತ್ತದೆ. ಆಕ್ಸಲರೇಟರ್ ಬಿಟ್ಟು ಹಿಡಿದಾಗಲೆಲ್ಲ 'ಧಡ್' ಎಂದು ಏಟು, ಗೇರು ಹಾಕುವಾಗ ಅಡಚಣೆ. ಜೋರಾಗಿ ಹೊರಟರೆ ಟೈರು ರಸ್ತೆಯನ್ನು ಹಿಡಿದು-ಬಿಟ್ಟು ಹಿಡಿದು-ಬಿಟ್ಟು ಕುಣಿಯುತ್ತದೆ. ಈ ಕುಣಿತದ ಏಟು ಚಕ್ರದ ದಂಡಗಳಿಗೂ ಡಿಫರೆನ್ಷಿಯಲ್ಲಿಗೂ ಬೀಳುತ್ತದೆ. ಮೌಂಟಿಂಗ್ ಗಟ್ಟಿ ಮಾಡಿದರೆ ಇದೆಲ್ಲ ಹತೋಟಿಗೆ ಬರುತ್ತದೆ. ಹಾಗಾದರೆ ಮೂರನ್ನೂ ಗಟ್ಟಿ ಪಾಲಿಯುರೇಥೇನಿನಲ್ಲಿ ಮಾಡಿಸಿದರೆ ಆಯಿತಲ್ಲ? ಅಲ್ಲೇ ಇರುವುದು ತೊಡಕು.

ರಬ್ಬರು ಯಾಕೆ ಬಂತು?

ಮೋಟಾರು ಕಾರಿನ ಮೊದಮೊದಲ ದಿನಗಳಲ್ಲಿ ಎಂಜಿನ್ನನ್ನು ನೇರವಾಗಿ ಚಾಸಿಗೆ ಬೋಲ್ಟು ಹಾಕಿ ಬಿಗಿಯುತ್ತಿದ್ದರು. ನಾಲ್ಕು ಸಿಲಿಂಡರಿನ ಕಾರಿನಲ್ಲಿ ಕೂತವರ ಹಲ್ಲು ಕಟಕಟಿಸುತ್ತಿತ್ತು. ಅಮೆರಿಕದ ಕ್ರೈಸ್ಲರ್ ಕಂಪೆನಿ 1931ರಲ್ಲಿ ತನ್ನ ಪ್ಲಿಮತ್ ಕಾರಿಗೆ 'ಫ್ಲೋಟಿಂಗ್ ಪವರ್', ಅಂದರೆ 'ತೇಲುವ ಶಕ್ತಿ' ಎಂಬ ವ್ಯವಸ್ಥೆ ತಂದಿತು. ಎಂಜಿನ್ನಿನ ಗುರುತ್ವ ಕೇಂದ್ರದ ಮೂಲಕ ಹಾಯುವ ಅಕ್ಷದ ಮೇಲೆ ರಬ್ಬರಿನ ಆಸರೆ ಕೊಟ್ಟು, ಹೊರಳಾಟಕ್ಕೆ ಬೇರೆ ಸ್ಪ್ರಿಂಗಿನ ಕಡಿವಾಣ ಹಾಕಿದರು. ಫ್ರಾನ್ಸಿನ ಸಿಟ್ರೊಯೆನ್ ಕಂಪೆನಿ 1932ರಲ್ಲಿ ಇದನ್ನು ಎರವಲು ಪಡೆದು, ತೇಲುವ ಹಂಸದ ಚಿತ್ರವನ್ನು ಕಾರಿನ ಮೂತಿಗೆ ಹಚ್ಚಿಕೊಂಡಿತು. ತೂಕ ಹೊರುವುದಕ್ಕೊಂದು, ಹೊರಳು ತಡೆಯುವುದಕ್ಕೊಂದು ಎಂಬ ಆ ವಿಭಜನೆಯೇ ಇಂದಿನ ಡಾಗ್ ಬೋನಿನ ಹಿಂದಿರುವ ವಿವೇಕ.

ಈಗ ಲೆಕ್ಕ ನೋಡಿ. ನಾಲ್ಕು ಸಿಲಿಂಡರಿನ ಎಂಜಿನ್ ಒಂದು ಸುತ್ತಿಗೆ ಎರಡು ಬಾರಿ ಸಿಡಿಯುತ್ತದೆ. ಸುಮ್ಮನೆ ನಿಂತಾಗ ನಿಮಿಷಕ್ಕೆ 850 ಸುತ್ತು ಎಂದರೆ ಸೆಕೆಂಡಿಗೆ ಸುಮಾರು 28 ಕಂಪನ. ರಬ್ಬರಿನ ಮೇಲೆ ಕೂತ ಎಂಜಿನ್ನಿಗೆ ಅದರದೇ ಸಹಜ ಆವೃತ್ತಿ ಇರುತ್ತದೆ. ಅದು ಸೆಕೆಂಡಿಗೆ 10 ಎಂದಿಟ್ಟುಕೊಳ್ಳಿ. ಕಂಪನದ ಆವೃತ್ತಿ ಸಹಜ ಆವೃತ್ತಿಯ 1.41 ಪಟ್ಟಿಗಿಂತ ಹೆಚ್ಚಾದಾಗ ಮಾತ್ರ ಆಸರೆ ಅದನ್ನು ತಡೆಯುತ್ತದೆ ಎಂಬುದು ನಿಯಮ. ಇಲ್ಲಿ 2.8 ಪಟ್ಟು. ಹಾಗಾಗಿ ಏಳರಲ್ಲಿ ಒಂದು ಪಾಲು ಅದುರು ಮಾತ್ರ ಕಾರಿನ ಮೈಗೆ ಬರುತ್ತದೆ.

ಮೌಂಟಿಂಗನ್ನು ನಾಲ್ಕು ಪಟ್ಟು ಗಟ್ಟಿ ಮಾಡಿದೆವೆನ್ನಿ. ಸಹಜ ಆವೃತ್ತಿ ಗಟ್ಟಿತನದ ವರ್ಗಮೂಲದಂತೆ ಏರುವುದರಿಂದ ಅದು 20 ಆಗುತ್ತದೆ. 28ನ್ನು 20ರಿಂದ ಭಾಗಿಸಿದರೆ 1.4. ಸರಿಯಾಗಿ ಗಡಿಯ ಮೇಲೆ! ಈಗ ಅದುರಿನ ಪೂರ್ತಿ ಪಾಲೂ ಒಳಗೆ ಬರುತ್ತದೆ, ಮೊದಲಿನ ಏಳು ಪಟ್ಟು. ಕನ್ನಡಿ ಅದುರುತ್ತದೆ, ಸ್ಟಿಯರಿಂಗ್ ಜುಮುಗುಟ್ಟುತ್ತದೆ, ಎ.ಸಿ. ಹಾಕಿದರೆ ಡ್ಯಾಷ್‌ಬೋರ್ಡ್ ಮಾತಾಡತೊಡಗುತ್ತದೆ. ಪಂದ್ಯದ ಕಾರಿನವನು ಐದಾರು ಸಾವಿರ ಸುತ್ತಿನಲ್ಲೇ ಓಡಿಸುವುದರಿಂದ ಅವನಿಗೆ ಇದು ಬಾಧಿಸದು. ಸಿಗ್ನಲ್ಲಿನಲ್ಲಿ ಎರಡು ನಿಮಿಷ ನಿಲ್ಲುವ ನಮಗೆ ಅದೇ ದೊಡ್ಡ ಬಾಧೆ.

ಪರಿಹಾರ ಆ ವಿಭಜನೆಯಲ್ಲೇ ಇದೆ. ತೂಕ ಹೊರುವ ಎರಡು ಮೌಂಟಿಂಗುಗಳನ್ನು ಮೂಲ ತಯಾರಿಕೆಯ ಹೊಸ ರಬ್ಬರಿನವಾಗಿಯೇ ಇರಿಸಿ. ಕೆಳಗಿನ ಡಾಗ್ ಬೋನಿಗೆ ಮಾತ್ರ ಮಧ್ಯಮ ಗಟ್ಟಿಯ ಪಾಲಿಯುರೇಥೇನ್ ತುಂಡು ಹಾಕಿ. ಹೊರಳಾಟದ ಬಹುಪಾಲು ನಿಲ್ಲುತ್ತದೆ, ಅದುರು ಸ್ವಲ್ಪವೇ ಹೆಚ್ಚುತ್ತದೆ. ಮೂರು ಮೌಂಟಿಂಗಿನ ಖರ್ಚಿನಲ್ಲಿ ಒಂದು ಚಿಕ್ಕ ಪಾಲಿಗೆ ಹೆಚ್ಚಿನ ಪ್ರಯೋಜನ ದಕ್ಕುತ್ತದೆ.

ಯಾವುದು ಮೊದಲು, ಯಾವುದು ಆಮೇಲೆ

ಮೊದಲು ಪರೀಕ್ಷೆ. ಇಪ್ಪತ್ತು ವರ್ಷದ ಕಾರಿನಲ್ಲಿ ಮೌಂಟಿಂಗಿನ ರಬ್ಬರು ಬಿರುಕು ಬಿಟ್ಟಿರುವ ಸಂಭವವೇ ಹೆಚ್ಚು. ಅದನ್ನು ಬದಲಿಸಿದೊಡನೆ ಕ್ಲಚ್ಚಿನ ದೋಷವೆಂದುಕೊಂಡಿದ್ದ ಜರ್ಕು ಮಾಯವಾಗಿರುವ ಉದಾಹರಣೆಗಳು ಬೇಕಾದಷ್ಟಿವೆ. ಆದ್ದರಿಂದ ಮೌಂಟಿಂಗ್ ಮೊದಲು, ಕ್ಲಚ್ ಆಮೇಲೆ. ಎಂಜಿನ್ ಶಕ್ತಿ ಹೆಚ್ಚಿಸುವ ಮಾತು ಎಲ್ಲಕ್ಕಿಂತ ಕೊನೆಗೆ.

ಕ್ಲಚ್ಚಿಗಾಗಿ ಗೇರುಪೆಟ್ಟಿಗೆ ಇಳಿಸುವ ಕೂಲಿಯೇ ದೊಡ್ಡದು. ಇಳಿಸಿದ ಮೇಲೆ ಚಿಲ್ಲರೆ ಉಳಿಸಲು ಹೋಗಬಾರದು. ರಿಲೀಸ್ ಬೇರಿಂಗ್, ಎಂಜಿನ್ನಿನ ಹಿಂಬದಿಯ ಆಯಿಲ್ ಸೀಲ್, ಫ್ಲೈವೀಲಿನ ಬೋಲ್ಟುಗಳು, ಇವನ್ನೆಲ್ಲ ಅದೇ ಸಲ ಬದಲಿಸಬೇಕು. ಈ ಬೋಲ್ಟುಗಳು ಬಿಗಿದಾಗ ತುಸು ಹಿಗ್ಗುವ ಜಾತಿಯವು, ಎರಡನೆಯ ಬಾರಿ ಬಳಸುವಂತಿಲ್ಲ. ಬಿಗಿತಕ್ಕೆ ಟಾರ್ಕ್ ರೆಂಚ್ ಕಡ್ಡಾಯ. ಹೊಸ ಪ್ಲೇಟಿನ ಮುಖವನ್ನು ಗ್ರೀಸಿನ ಕೈಯಿಂದ ಮುಟ್ಟಿದರೂ ಸಾಕು, ಹಿಡಿತ ಕೆಡುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದೇ ಹೆಸರಿನ ಡಬ್ಬಿಯಲ್ಲಿ ಅಸಲಿಯೂ ಸಿಗುತ್ತದೆ, ನಕಲಿಯೂ ಸಿಗುತ್ತದೆ. ಬಿಲ್ಲು ಕೊಡುವ ಅಂಗಡಿಯಲ್ಲೇ ಕೊಳ್ಳಿ.

ಹೊಸ ಕ್ಲಚ್ಚನ್ನು ಪಳಗಿಸಬೇಕು. ಸುಮಾರು 800 ಕಿಲೋಮೀಟರ್ ಊರೊಳಗೆ ಸಾವಧಾನವಾಗಿ ಓಡಿಸಿ ಉಜ್ಜುವ ಮುಖಗಳು ಒಂದಕ್ಕೊಂದು ಹೊಂದಿಕೊಳ್ಳಲು ಬಿಡಬೇಕು. ಹೆದ್ದಾರಿಯ ದೂರ ಇದಕ್ಕೆ ಲೆಕ್ಕವಿಲ್ಲ, ಅಲ್ಲಿ ಕ್ಲಚ್ ಕೆಲಸ ಮಾಡುವುದೇ ಇಲ್ಲ.

ಇನ್ನೊಂದು ಮಾತು. ಜಾರುವ ಕ್ಲಚ್ ಒಂದರ್ಥದಲ್ಲಿ ಮನೆಯ ಫ್ಯೂಸಿನಂತೆ. ತಾನು ಸೋತು ಮುಂದಿನದನ್ನು ಉಳಿಸುತ್ತದೆ. ಫ್ಯೂಸಿನ ಜಾಗದಲ್ಲಿ ದಪ್ಪ ತಂತಿ ಕಟ್ಟಿದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಈ ಕಾರಿನ ಗೇರುಪೆಟ್ಟಿಗೆಯಲ್ಲಿ ಡಿಫರೆನ್ಷಿಯಲ್ಲಿನ ದೊಡ್ಡ ಹಲ್ಲುಚಕ್ರವನ್ನು ರಿವೆಟ್ ಹೊಡೆದು ಕೂರಿಸಿರುತ್ತಾರೆ. ಕ್ಲಚ್ ಎಂದೂ ಜಾರದಂತೆ ಮಾಡಿ ಹಸುರು ದೀಪಕ್ಕೆ ಕಾರನ್ನು ಜಿಗಿಸುತ್ತ ಹೋದರೆ ಏಟೆಲ್ಲ ಆ ರಿವೆಟ್ಟುಗಳಿಗೆ. ಅವು ಕಳಚಿ ಗೇರುಪೆಟ್ಟಿಗೆಯ ಕವಚವನ್ನೇ ತೂತು ಮಾಡುವುದು ಈ ಮಾದರಿಯ ಹೆಸರುವಾಸಿ ರೋಗ. ಓಡುತ್ತಿರುವಾಗ ಎಣ್ಣೆ ಸುರಿದು ಗೇರುಪೆಟ್ಟಿಗೆ ಸಿಕ್ಕಿಕೊಂಡರೆ ಮುಂದಿನ ಚಕ್ರಗಳೂ ಕಚ್ಚಿಕೊಳ್ಳಬಹುದು. ಆಗ ನಷ್ಟ ಹಣದ್ದು ಮಾತ್ರವಲ್ಲ.

ಕಾನೂನು ಏನನ್ನುತ್ತದೆ?

1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ನಿಗದಿ ಮಾಡಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿ ಬದಲಾವಣೆಗೂ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡೂ ಆಗಬಹುದು. ಸವೆದ ಕ್ಲಚ್ಚಿಗೆ, ಹರಿದ ಮೌಂಟಿಂಗಿಗೆ ಬದಲಾಗಿ ಗಟ್ಟಿಯಾದದ್ದನ್ನು ಹಾಕಿಸುವುದು ರಿಪೇರಿಗೆ ಹತ್ತಿರ. ಎಂಜಿನ್ನಿನ ಶಕ್ತಿಯನ್ನೇ ಏರಿಸುವುದು ಬೇರೆ ಮಾತು. ವಿಮೆಯ ಕಂಪೆನಿಗೆ ಬದಲಾವಣೆಗಳನ್ನು ಬರವಣಿಗೆಯಲ್ಲಿ ತಿಳಿಸದಿದ್ದರೆ ಅಪಘಾತದ ದಿನ ಪರಿಹಾರಕ್ಕೆ ತಕರಾರು ಬರಬಹುದು. 15 ವರ್ಷ ದಾಟಿದ ಖಾಸಗಿ ಕಾರು ನೋಂದಣಿಯ ನವೀಕರಣಕ್ಕಾಗಿ ತಪಾಸಣೆಗೂ ನಿಲ್ಲಬೇಕಾಗುತ್ತದೆ. ವೇಗವೇ ಬೇಕೆನ್ನುವವರಿಗೆ ಚೆನ್ನೈ ಬಳಿಯ ಇರುಂಗಾಟ್ಟುಕೋಟೈಯಲ್ಲೂ ಕೊಯಮತ್ತೂರಿನಲ್ಲೂ ಓಟದ ಪಥಗಳಿವೆ. ಅಲ್ಲಿ ಶಿರಸ್ತ್ರಾಣವಿರುತ್ತದೆ, ಆಂಬುಲೆನ್ಸ್ ಇರುತ್ತದೆ, ಎದುರಿನಿಂದ ಶಾಲೆಯ ಮಕ್ಕಳ ಆಟೋ ಬರುವುದಿಲ್ಲ.

ಒಳ್ಳೆಯ ಕ್ಲಚ್ ಯಾವುದೆಂದರೆ ತುಳಿಯುವವನಿಗೆ ಅದು ಇದೆಯೆಂಬುದೇ ಮರೆತುಹೋಗಬೇಕು. ಒಳ್ಳೆಯ ಮೌಂಟಿಂಗೂ ಹಾಗೆಯೇ. ಶಿರಾಡಿ ಘಾಟಿಯ ಏರಿನಲ್ಲಿ, ಮುಂದಿನ ಲಾರಿ ನಿಂತು, ಹಿಂದಿನ ಬಸ್ಸು ಹಾರನ್ ಹೊಡೆಯುತ್ತಿರುವಾಗ, ಮನೆಮಂದಿಯನ್ನೆಲ್ಲ ಕೂರಿಸಿಕೊಂಡ ಕಾರು ಜರ್ಕಿಲ್ಲದೆ, ವಾಸನೆಯಿಲ್ಲದೆ, ಹಿಂದೆ ಜಾರದೆ ಹೊರಟಿತೆಂದರೆ ಹಾಕಿಸಿದ್ದು ಸರಿಯಾಗಿದೆ ಎಂದು ತಿಳಿಯಬಹುದು.